ಏಳನೇ ನಂಬರಿನ ಹಿಮ ನೂಕುವ ಯಂತ್ರದವರಿಗೆ, ಮುಚ್ಚಳದ ವಿಚಾರವಾಗಿ

ಮಾನ್ಯ ಯಂತ್ರರೇ,

ಹೊಸ ವರ್ಷದ ಶುಭಾಶಯಗಳೊಂದಿಗೆ, ತಮ್ಮ ಹಳದಿ ದೀಪಕ್ಕೂ ಅಗಲವಾದ ಬ್ಲೇಡಿಗೂ ತಲೆಬಾಗಿ ಬರೆಯುವುದೇನೆಂದರೆ, ನಿನ್ನೆಯೂ ನನಗೆ ಅದೇ ಕನಸು ಬಿತ್ತು. ತಾವು ನಮ್ಮ ಮನೆಯನ್ನು ಮೆಲ್ಲಗೆ ನೂಕಿಕೊಂಡು ಸಮುದ್ರದ ಕಡೆಗೆ ಹೊರಟಿದ್ದಿರಿ, ಕಿಟಕಿಯಲ್ಲಿ ಕುಳಿತ ನಮ್ಮ ಅತ್ತೆಯವರು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಹೈಸ್ಕೂಲು ಅರ್ಧಕ್ಕೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಅತ್ತೆ ಮಾವ ದೇಶದ ದಕ್ಷಿಣ ತುದಿಯ ಕಾಗೊಶಿಮಾದವರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಮೊಮ್ಮಗಳು ಕೊತೊಹಾಳ ಜೊತೆ ಹೊಸ ವರ್ಷದ ಹಬ್ಬ ಮಾಡಲೆಂದು, ಮೊದಲ ಸಲ ಉತ್ತರದ ನಮ್ಮ ಹೊಕ್ಕೈಡೊಗೆ ಬಂದರು. ಅತ್ತೆಯವರು ತಮ್ಮ ತಾಯಿಯ ಕಾಲದ ಕರಿ ಅರಗು ಬಳಿದ ಮೂರಂತಸ್ತಿನ ಮರದ ಡಬ್ಬಿಯನ್ನು ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಎರಡು ದಿನ ಒಲೆ ಬಿಡದೆ ಹಬ್ಬದ ಅಡುಗೆ ಮಾಡಿ ತುಂಬಿದರು. ನಮ್ಮಲ್ಲಿ ಚಳಿಗಾಲದಲ್ಲಿ ಫ್ರಿಜ್ಜು ಇರುವುದು ತರಕಾರಿ ಹೆಪ್ಪುಗಟ್ಟದಿರಲಿ ಎಂದು, ತಣ್ಣಗಿಡುವುದಕ್ಕೆ ಹೊರಗಿನ ಹಿಮವಿದೆ. ಹಾಗಾಗಿ ಡಿಸೆಂಬರ್ ಮೂವತ್ತರ ಸಂಜೆ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಗೇಟಿನ ಪಕ್ಕದ ಹಿಮದಲ್ಲಿಟ್ಟು, ಗುರುತಿಗೆ ಕೆಂಪು ಕೋಲು ನೆಟ್ಟೆ.

ಮರುದಿನ ಬೆಳಗಿನ ಜಾವ ತಾವು ದಯಮಾಡಿಸಿದಿರಿ. ಇಡೀ ಬೀದಿಯ ಹಿಮವನ್ನು ಅಷ್ಟು ದೂರದಿಂದ ಹೊತ್ತು ತಂದು, ಬೇರೆ ಯಾರಿಗೂ ಕೊಡದೆ ನಮ್ಮ ಗೇಟಿಗೇ ಎದೆಯೆತ್ತರ ಅರ್ಪಿಸಿದ ತಮ್ಮ ಅಭಿಮಾನವನ್ನು ಹೇಗೆ ಮರೆಯಲಿ? ಕೋಲು ಮಾಯ, ಡಬ್ಬಿಯೂ ಮಾಯ.

ನಾನು ಹೆದರಲು ಇನ್ನೊಂದು ಕಾರಣವಿತ್ತು. ನಮ್ಮ ಕಡೆ ಹಬ್ಬದೂಟ ಮೂವತ್ತೊಂದರ ಸಂಜೆಗೇ ಮುಗಿಯುತ್ತದೆ, ಅತ್ತೆಯವರ ಕಡೆ ಒಂದನೇ ತಾರೀಖು ಬೆಳಗಾಗುವವರೆಗೆ ಡಬ್ಬಿಯ ಮುಚ್ಚಳ ಮುಟ್ಟುವಂತಿಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ಹನ್ನೊಂದು ವರ್ಷವೂ ನನಗೆ ಬಂದಿರಲಿಲ್ಲ. ಕೊತೊಹಾ ಮಧ್ಯಾಹ್ನದಿಂದಲೇ ತಟ್ಟೆ ಹಿಡಿದು ಕುಳಿತಿದ್ದಳು. ನನ್ನ ಗಂಡ ತೆಪ್ಪೇ ಕತ್ತಲಾಗುವವರೆಗೆ ಅಗೆದು ಬರಿಗೈಯಲ್ಲಿ ಬಂದರು. ಕೊನೆಗೆ ನಾನೇ ಮೂರು ಸಲ ಕ್ಷಮೆ ಕೇಳಿ, ಡಬ್ಬಿ ಹಿಮದಡಿ ಹೋಯಿತೆಂದು ಅತ್ತೆಯವರಿಗೆ ಹೇಳಿದೆ.

"ಅದಕ್ಯಾಕಮ್ಮ ಇಷ್ಟು ಹೆದರ್ತೀಯ? ಇವತ್ತು ಅದನ್ನ ಯಾರು ಮುಟ್ತಾರೆ, ನಾಳೆ ಬೆಳಿಗ್ಗೆ ತಾನೇ ಬೇಕು," ಎಂದರು ಅವರು, ಆ ರಾತ್ರಿಯ ಊಟದ ನೂಡಲ್ಸಿಗೆ ಈರುಳ್ಳಿ ಹೆಚ್ಚುತ್ತಾ.

ಹೀಗೆ, ಮಾನ್ಯರೇ, ನಾನು ಹೇಳಲಾರದೆ ನುಂಗಿಕೊಂಡಿದ್ದ ಮಾತನ್ನು, ಇನ್ನು ಹೇಳಬೇಕಾಗೇ ಇಲ್ಲದಂತೆ, ತಾವು ಒಂದೇ ನೂಕಿಗೆ ಮುಚ್ಚಿಹಾಕಿದಿರಿ.

ಬೆಳಿಗ್ಗೆ ಮಾವನವರು ಸಲಿಕೆ ಹಿಡಿದರು. ಅವರೂರಿನ ಬೆಂಕಿಗುಡ್ಡ ಉಗುಳುವ ಬೂದಿಯನ್ನು ನಲವತ್ತು ವರ್ಷ ಅಂಗಳದಿಂದ ಎತ್ತಿಹಾಕಿದ ಕೈ ಅದು. "ಬೂದಿ ಎತ್ತದಿದ್ರೆ ಅಲ್ಲೇ ಬಿದ್ದಿರತ್ತೆ. ಇದು ಬಿಟ್ರೂ ಕರಗತ್ತೆ, ಇದಕ್ಕೆ ಇಷ್ಟೊಂದು ಜನ ಒದ್ದಾಡ್ತೀರಲ್ಲ," ಎಂದು ತೆಪ್ಪೇಯನ್ನು ಹಂಗಿಸುತ್ತಲೇ ಅರ್ಧ ಗಂಟೆಯಲ್ಲಿ ಡಬ್ಬಿ ತೆಗೆದರು. ಬಟ್ಟೆ ಬಿಚ್ಚಿಹೋಗಿತ್ತು, ಚಿನ್ನದ ಬಣ್ಣದ ಕೊಕ್ಕರೆ ಬರೆದ ಮೇಲಿನ ಮುಚ್ಚಳ ಇರಲಿಲ್ಲ. ಮಾವನವರು ನನ್ನ ಮುಖ ನೋಡಿ, ತಮ್ಮ ಉಣ್ಣೆಯ ಟೋಪಿಯನ್ನೇ ಮುಚ್ಚಿ ಒಳಗೆ ತಂದು, ಮುಚ್ಚಳ ತೊಳೆದು ಒಣಗಲು ಇಟ್ಟಿದ್ದೇವೆ ಎಂದು ಅತ್ತೆಯವರಿಗೆ ಹೇಳಿಬಿಟ್ಟರು. ಸಿಗಡಿ ಕಲ್ಲಾಗಿತ್ತು, ಕರಗಿದ ಮೇಲೆ ಕೊತೊಹಾ ಐದು ತಿಂದಳು.

ಹೊರಡುವಾಗ ಅತ್ತೆಯವರು, "ಡಬ್ಬಿ ಇಲ್ಲೇ ಇರ್ಲಿ ಸುಮಿ. ಬರೋ ವರ್ಷ ಮತ್ತೆ ಹೊತ್ಕೊಂಡ್ ಬರೋಕಾಗಲ್ಲ," ಎಂದರು. ಬರೋ ವರ್ಷ ಎಂದರು, ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಆದ್ದರಿಂದ ಕೋರುವುದೇನೆಂದರೆ, ಬರುವ ವರ್ಷವೂ ಮೂವತ್ತೊಂದರ ಜಾವ ತಪ್ಪದೆ ಬಂದು ಡಬ್ಬಿಯನ್ನು ಇನ್ನೂ ಒಂದಡಿ ಆಳಕ್ಕೆ ಹೂಳಬೇಕು, ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ತಾವೇ ತೆಗೆದುಕೊಡಬೇಕು, ಸಾಧ್ಯವಾದರೆ ಬಾಗಿಲು ತಟ್ಟಿ.

ತಮ್ಮ ದಾರಿಯಿಂದ ಎರಡು ಹೆಜ್ಜೆ ಹಿಂದೆ ನಿಂತಿರುವ,
ತಮ್ಮ ವಿಶ್ವಾಸಿ,
ಸುಮಿ ಅರಿಮುರಾ

ತಾ.ಕ.: ಇವತ್ತು ಅತ್ತೆಯವರು ಫೋನು ಮಾಡಿ, "ಮುಚ್ಚಳ ಒಣಗ್ತಾ? ಅಲ್ಲ, ನಿಮ್ಮೂರಲ್ಲಿ ಬಿಸಿಲು ಬರೋದು ಏಪ್ರಿಲ್‌ಗಾ?" ಎಂದು ಕೇಳಿ ನಕ್ಕರು. ಬೈಗುಳಕ್ಕಿಂತ ಆ ನಗುವೇ ನನಗೆ ಭಯ. ಮುಚ್ಚಳದ ಬಗ್ಗೆ ವಿಚಾರಿಸಿದಾಗ ತಮ್ಮ ಚಾಲಕರು, ನೋಡಿದ್ದೇವೆ, ಏನೂ ಇಲ್ಲ ಎಂದಿದ್ದಾರೆ, ಅವರ ಮಾತಿನಲ್ಲಿ ಅನುಮಾನವಿಲ್ಲ. ಆದರೂ ಬ್ಲೇಡಿನ ಎಡಗಡೆಯ ಸಂದಿನಲ್ಲಿ, ಕೊಕ್ಕರೆಯೊಂದು ಕುಳಿತಿದೆಯೇ ಎಂದು ದಯವಿಟ್ಟು ಇನ್ನೊಮ್ಮೆ ನೋಡಿ.