ಹಸಿರು ಕೋಟು ದೊಡ್ಡದೋ, ಬೆಳ್ಳಿ ಹೂಜಿ ದೊಡ್ಡದೋ

ಆಳಂದದಾಗ ಕೂತು ಟೀವಿಯೊಳಗ ಗಾಲ್ಫ್ ನೋಡಾಂವಗ ಇಂಥವು ಆಗ್ತಾನೇ ಇರ್ತಾವ.

ಗಾಲ್ಫಿಗೆ ನಾಕು ದೊಡ್ಡ ಪಂದ್ಯ. ನನ್ನ ಹೆಂಡತಿ, ಮಾಸ್ಟರ್ಸೇ ದೊಡ್ಡದು ಅಂತಿದ್ದಳು. ಅಲ್ಲಿ ಹೋದ ವರ್ಷ ಗೆದ್ದಾಂವ ಈ ವರ್ಷ ಗೆದ್ದಾಂವಗ ಹಸಿರು ಕೋಟು ತೊಡಸ್ತಾನ. ನಾನು ಬ್ರಿಟನ್ನಿನ ಓಪನ್ ಅಂತಿದ್ದೆ. ಎಲ್ಲಕ್ಕಿಂತ ಹಳೇದು, ಗಾಳಿ ಜೋರು, ಗೆದ್ದರ ಬೆಳ್ಳಿ ಹೂಜಿ. ಪಂದ್ಯ ಇರಲಿ ಬಿಡಲಿ, ದಿನಾ ಜಗಳ. ಈಗ ಆಕಿ ಇಲ್ಲ. ಜಗಳ ಹಂಗೇ ಉಳೀತು. ಯಾರರೆ ತೀರ್ಪು ಕೊಡಲಿ ಅಂತ ಕೇಳಕೋತ ಹೊಂಟೆ.

೧. ಮೇವು

ಮಟಕಿ ಊರಿನ ಗೆಳೆಯ ರೈತ. ಯು.ಎಸ್. ಓಪನ್ ಭಾಳ ಕಠಿಣ, ಹುಲ್ಲು ಉದ್ದ ಬಿಟ್ಟಿರ್ತಾರ, ಚೆಂಡೇ ಸಿಗಂಗಿಲ್ಲ ಅಂದೆ.

"ಅದೇ ದೊಡ್ಡದು ತಗೋ. ಚೆಂಡು ಹೋದ್ರ ಹೋಗ್ಲಿ. ನನ್ನ ಎಮ್ಮಿ ಬಿಡಾಕ ಬರ್ತದೇನು ಕೇಳು."

೨. ಮಾಸ್ತರು

ನರೋಣಾದ ಸಾಲಿ ಮಾಸ್ತರಿಗೆ ನಾಕನೇದು, ಪಿ.ಜಿ.ಎ. ಪಂದ್ಯ ಹೇಳಿದೆ. ಅಲ್ಲಿ ಗಾಲ್ಫ್ ಕಲಿಸೋ ಮಾಸ್ತರೂ ಕೆಲವರು ಆಡ್ತಾರ.

ಅವರು ಎದ್ದೇ ನಿಂತರು. "ಕಲಸಾವ್ರಿಗಿ ಆಡಾಕ ಬಿಡ್ತಾರ? ಅದಕ್ಕಿಂತ ದೊಡ್ಡದು ಯಾವುದೂ ಇಲ್ರಿ! ನಮಗ ಕಲಸಾಕೂ ಬಿಡಂಗಿಲ್ಲ. ಜನಗಣತಿಗಿ ಕಳಸ್ತಾರ."

೩. ಕುಣಿ

ಅಫಜಲಪುರದ ಬೀಗರು ಮಾತಾಡ್ಸಾಕ ಬಂದರು. ಟೀವಿಯೊಳಗ ಓಪನ್, ಕೊನೇ ದಿನ. ಮಂದಿ ಉಸಿರು ಬಿಗಿಹಿಡಿದು ನಿಂತಾರ. ನಡುವ ಒಂದು ಕುಣಿ. ಕಾಮೆಂಟ್ರಿ ಹೇಳಾಂವನೂ ಪಿಸುಗುಡ್ತಾನ.

ಬೀಗರು ಟೊಪಗಿ ತೆಗೆದು ಕೈ ಮುಗಿದರು. "ಯಾರ ಮಣ್ಣರೀ?"

ಅಷ್ಟರಾಗ ಚೆಂಡು ಕುಣಿಗೆ ಬಿತ್ತು. ಮಂದಿ ಹೋ ಅಂತ ಜಿಗಿದು ಚಪ್ಪಾಳಿ ಹೊಡದರು.

ಬೀಗರು ಗಾಬರಿ. "ಅಷ್ಟು ಕೆಟ್ಟಾಂವ ಇದ್ನೇನ್ರಿ?"

೪. ಕೋಟು

ಇಷ್ಟು ಮಂದಿಯೊಳಗ ಯಾರೂ ಮಾಸ್ಟರ್ಸ್ ಅನ್ನಲಿಲ್ಲ. ಆಕಿ ಪರವಾಗಿ ಒಬ್ಬರೂ ಇಲ್ಲ. ಸಂಕಟ ಆತು. ನಾನೇ ಸೋತುಬಿಡೋಣ ಅಂತ ಹಸಿರು ಕೋಟು ಹೊಲಿಸಿದೆ. ಟೇಲರ್ ಅಳತಿ ಕೇಳಿದ, ನಂದೇ ಕೊಟ್ಟೆ. ಆಕಿ ಫೋಟೋದ ಬಾಜೂ ತೂಗುಹಾಕಿದೆ.

ಸುದ್ದಿ ಜೇವರ್ಗಿಗೆ ಮುಟ್ಟಿತು. ನಾದಿನಿ ಬಸ್ ಹಿಡಿದು ಬಂದಳು. ಹೊಸ್ತಿಲದಾಗೇ ಶುರು: "ಮಾವಾ, ಅಕ್ಕ ಹೋಗಿ ವರ್ಷ ಆಗಿಲ್ಲ. ಹೊಸ ಕೋಟು ಹೊಲಸೀರಿ! ಹೆಣ್ಣು ಯಾವೂರಾಕಿ?"

ಫೋಟೋ ತೋರಿಸಿದೆ. "ಈಕೀನೇ. ಗೆದ್ದಾಳ. ಮಾಸ್ಟರ್ಸೇ ದೊಡ್ಡದು."

ಕೂತಳು. ಅತ್ತಳು. ಆಮೇಲೆ ನಗಾಕತ್ತಳು. "ಓಪನ್ನೇ ದೊಡ್ಡದು ಅಂತ ಅಕ್ಕ ನನ್ನ ಮುಂದ ಒಪ್ಪಿದ್ಳು, ಮಾವಾ. ನಿಮಗ ಹೇಳಬ್ಯಾಡ ಅಂದಿದ್ಳು. ಹೇಳಿದ್ರ ಜಗಳ ಮುಗೀತದ, ಈ ಮನುಷ್ಯಾ ಮತ್ತ ಬಾಯೇ ಬಿಡಂಗಿಲ್ಲ ಅಂತ."

"ಗೆದ್ದೇನಿ ನೋಡಬೇ!" ಅಂತ ಫೋಟೋಕ್ಕ ಕೂಗಿದೆ. ನಾದಿನಿ ಕೋಟು ತೊಡಿಸಿದಳು. ಸರಿಯಾಗಿ ಕೂತಿತು.

ಅದನ್ನೇ ಹಾಕ್ಕೊಂಡು ಆಕಿಗೆ ಬಸ್ಸಿಗೆ ಬಿಡಾಕ ಹೋದೆ. ಟೇಲರ್ ಅಂಗಡಿಯಿಂದ ಕೂಗಿದ: "ಕಾಕಾ, ಹೆಣ್ಣು ಒಪ್ಪಿದಳೇನ್ರಿ?"

"ಒಪ್ಪಿದ್ಳಪಾ! ಯಾವಾಗೋ ಒಪ್ಪಿದ್ಳಂತ. ನನಗ ಹೇಳಿದ್ದಿಲ್ಲ, ಅಷ್ಟೇ!"