ಮಾವನ ಮೊಲಗಳೂ ನನ್ನ ಮೂಗೂ

ನಮ್ಮ ಸೋದರಮಾವನ ಹಿತ್ತಲಿನ ಮೊಲಗಳು ಕಾಲು ಒರೆಸಿಕೊಳ್ಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಆ ಹಿತ್ತಲಿಗೆ ಕಾಲಿಡುವ ಮುಂಚೆ ಮನುಷ್ಯರಂತೂ ತಮ್ಮ ಅಂಗಾಲನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳುತ್ತಿದ್ದುದು ನಿಜ. ಮಧುಗಿರಿಯಲ್ಲಿ ನೋಡುವಂಥವು ಎರಡೇ, ಒಂದು ಬೆಟ್ಟ, ಇನ್ನೊಂದು ನಮ್ಮ ಮೊಲದ ಹಿತ್ತಲು ಎಂದು ಮಾವನೇ ಸಾರಿಕೊಂಡು ಬರುತ್ತಿದ್ದ. ಬೆಟ್ಟ ಅಷ್ಟೊಂದು ಚೊಕ್ಕಟವಿಲ್ಲ ಎಂದೂ ಸೇರಿಸುತ್ತಿದ್ದ!

ಐವತ್ತರ ದಶಕದ ಕೊನೆಯ ಮಾತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ನಾನು ಮಧುಗಿರಿಗೆ ಬಂದೆ. ಊಟ, ವಾಸ ಮಾವನ ಮನೆಯಲ್ಲಿ. ನಾನು ಹುಟ್ಟಾ ಚಿಂತೆಗಾರ. ಬೆಟ್ಟದ ಬುಡದ ಮನೆ ಎಂದಕೂಡಲೇ, ಆ ಬಂಡೆ ಉರುಳಿದರೆ ಯಾವ ಕಡೆಗೆ ಉರುಳೀತು ಎಂದು ಯೋಚಿಸಿ ಹಾಸಿಗೆಯನ್ನು ಎದುರು ಗೋಡೆಗೆ ಹಾಕಿಕೊಂಡವನು. ಯಾವ ಕಾಲದಿಂದಲೋ ನಿಂತಿರುವ ಬೆಟ್ಟ ನನ್ನ ಬರವಿಗಾಗಿಯೇ ಕಾದಿತ್ತೆ? ಇರಬಹುದು, ಯಾರು ಕಂಡವರು!

ಮಾವ ಕಡಲೆಕಾಯಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರು. ಮಕ್ಕಳಿಲ್ಲದ ಮನೆ. ಮೊಲಗಳು ಬಂದದ್ದು ಸಿರಾದಿಂದ. ಅಲ್ಲಿ ಮಿಲ್ಲಿಗೆ ಎಣ್ಣೆ ಡಬ್ಬ ಮಾಡಿಕೊಡುತ್ತಿದ್ದ ಸಾಹೇಬರೊಬ್ಬರು ಬಿದಿರು ಬುಟ್ಟಿಯಲ್ಲಿ ಒಂದು ಜೋಡಿ ಬಿಳಿ ಮೊಲ ಇಟ್ಟು, “ಮನೇಗೆ ರೌನಕ್ ಬರ್ತದೆ, ಕಳೆ ಬರ್ತದೆ, ತಗೊಂಡ್ ಹೋಗಿ ಸ್ವಾಮಿ” ಎಂದರಂತೆ. ಜೋಡಿ ಎಂದರೆ ಎರಡು ಎಂದು ತಿಳಿದಿದ್ದ ಮಾವನ ಗಣಿತ ಕೆಲವೇ ತಿಂಗಳಲ್ಲಿ ಕೆಟ್ಟುಹೋಯಿತು. ಎತ್ತ ನೋಡಿದರೂ ಕಿವಿಗಳೇ!

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು. “ಇರ್ಲಿ ಬುಡಿ, ಬಾಯಿಲ್ದಿರೋ ಜೀವ. ಆದ್ರೆ ಒಂದಿನ ವಾಸ್ನೆ ನನ್ನ ಅಡಿಗೆಮನೆ ಹೊಸ್ತಿಲು ದಾಟ್ತು ಅಂದ್ರೆ, ಅಷ್ಟನ್ನೂ ಬುಟ್ಟಿಗೆ ತುಂಬಿ ಬುಕ್ಕಾಪಟ್ಣದ ಕಾಡಿಗೆ ಬುಟ್ಬರ್ಬೇಕು. ತಿಳೀತಾ?”

“ಅಲ್ಲಿ ನರಿ ಅವೆ ಕಣೇ!”

“ಅದಕ್ಕೇ ಹೇಳಿದ್ದು.”

ಅಂದಿನಿಂದ ಮಾವನ ಬಾಳಿಗೆ ಒಂದೇ ಗುರಿ. ಮೊಲ ಉಳಿಯಬೇಕಾದರೆ ಹಿತ್ತಲು ನಾರಬಾರದು! ಮಿಲ್ಲಿನಿಂದ ಬಂದವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಕಾಫಿಗೂ ಕಾಯದೆ ಪೊರಕೆ ಹಿಡಿಯುತ್ತಿದ್ದ. ಅವನನ್ನು ಕಂಡರೆ ಮೊಲಗಳೂ ಸಾಲಾಗಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಮದುವೆಯಾದಾಗಿನಿಂದ ಅತ್ತೆಯ ಬೈಗುಳ ಮಾತ್ರ ಎದುರುಗೊಳ್ಳುತ್ತಿದ್ದ ಗಂಡಸಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಕೆ?

ಚೊಕ್ಕಟ ಎಂದರೆ ನಮ್ಮ ಕಡೆ ಮೊದಲು ಹೊಳೆಯುವುದೇನು? ಸಗಣಿ ಹಾಕಿ ಸಾರಿಸುವುದು! ಮಾವನೂ ಒಂದು ಭಾನುವಾರ ಇಡೀ ಹಿತ್ತಲನ್ನು ಗಟ್ಟಿಯಾಗಿ ಸಾರಿಸಿಬಿಟ್ಟ. ಒಣಗುವ ತನಕ ಕಾಯಿರಿ ಎಂದು ಮೊಲಗಳಿಗೆ ಹೇಳುವವರು ಯಾರು? ಅವು ಹೊರಳಾಡಿದವು. ಅದೇ ಹೊತ್ತಿಗೆ ಸಿರಾದ ಸಾಹೇಬರು ನೋಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಯಾ ಅಲ್ಲಾ! ನಾನು ಸಫೇದ್ ಮೊಲ ಕೊಟ್ಟಿದ್ದೆ. ಇದು ಹಸಿರು ಹೆಂಗಾಯ್ತು ಸ್ವಾಮಿ?”

“ಮಳೆಗಾಲ ಅಲ್ವಾ ಸಾಹೇಬ್ರೆ, ಚಿಗುರವೆ!” ಎಂದಳು ಅತ್ತೆ ಒಳಗಿನಿಂದ.

ಸಗಣಿ ಬಿಟ್ಟು ಮಾವ ಕಲ್ಲುಚಪ್ಪಡಿ ಹಾಸಿದ. ತೊಳೆಯಲು ಸೊಗಸು. ಆದರೆ ಬರೀ ಕಲ್ಲಿನ ಮೇಲೆ ಕೂತು ಕೂತು ಮೊಲಗಳ ಹಿಂಗಾಲು ಕೆಂಪಾದವು. ಅದಕ್ಕೆ ಅರ್ಧಕ್ಕೆ ಮಾತ್ರ ಚಪ್ಪಡಿ ಉಳಿಸಿ, ಉಳಿದರ್ಧಕ್ಕೆ ಮಿಲ್ಲಿನಿಂದ ಕಡಲೆಕಾಯಿ ಸಿಪ್ಪೆ ತಂದು ದಪ್ಪಗೆ ಹಾಸಿದ. ಒದ್ದೆಯಾದ ಸಿಪ್ಪೆ ಬದನೆ ಗಿಡಕ್ಕೆ, ಒಣಗಿದ್ದು ಮತ್ತೆ ಬಿಸಿಲಿಗೆ. ತಿಂದು ಬಿಟ್ಟ ಸೊಪ್ಪು ಕೊಳೆಯುವ ಮುಂಚೆಯೇ ಹೊರಕ್ಕೆ. ನೀರಿನ ಕಲ್ಲುಬಾನಿಗೆ ದಿನವೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ. ನಮ್ಮ ಕುಡಿಯುವ ನೀರಿನ ಹಂಡೆಗೆ ಆ ಭಾಗ್ಯ ಹಬ್ಬಕ್ಕೊಮ್ಮೆ! ನನಗೆ ಮಾತ್ರ ಬೇರೆಯೇ ಚಿಂತೆ. ಇವು ಸಿಪ್ಪೆಯ ಕೆಳಗೆ ಕೊರೆದು ಕೊರೆದು ಮನೆಯ ಅಡಿಗೇ ಬಂದು, ನಾವೆಲ್ಲ ಊಟಕ್ಕೆ ಕೂತಾಗ ಎಲೆ ಸಮೇತ ಕೆಳಗಿಳಿದರೆ?

ಇಷ್ಟೆಲ್ಲ ಮಾಡಿದ ಮಾವನಿಗೆ ಒಂದೇ ತೊಡಕು. ಅವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ! ಪ್ರಾಯದಿಂದ ನಶ್ಯ ಏರಿಸಿ ಏರಿಸಿ ಮೂಗು ಮುಖಕ್ಕೊಂದು ಅಲಂಕಾರವಾಗಿ ಮಾತ್ರ ಉಳಿದಿತ್ತು. ಬೆರಳಿಗೆ ಮೆತ್ತಿದ ನಶ್ಯವನ್ನು ಹಿತ್ತಲ ಬಾಗಿಲ ಪಕ್ಕದ ಗೋಡೆಗೆ ಒರೆಸುವುದು ಬೇರೆ. ಪ್ರಪಂಚವನ್ನೆಲ್ಲ ಗುಡಿಸುವ ಮನುಷ್ಯನ ಏಕೈಕ ಕೊಳೆ ಅದು. ಎರಡು ಬೆರಳಗಲದ ಕಂದು ಪಟ್ಟೆ. ಅತ್ತೆ ಹಬ್ಬ ಹಬ್ಬಕ್ಕೂ ಅದರ ಮೇಲೆ ಸುಣ್ಣ ಬಳಿಯುವಳು, ಬಯ್ಯುವಳು. ಮಾವ ಮಾರನೆಯ ದಿನವೇ ಹೊಸ ಪಟ್ಟೆ ಎಳೆಯುವನು.

ಹಾಗಾಗಿ ನನ್ನ ಮೂಗು ಸರ್ಕಾರಿ ಕೆಲಸದ ಜೊತೆಗೆ ಮಾವನ ಚಾಕರಿಗೂ ಸೇರಿತು. ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಅಡಿಗೆಮನೆ ಹೊಸ್ತಿಲ ಮೇಲೆ ನಿಲ್ಲಬೇಕು. ಉಸಿರು ಎಳೆಯಬೇಕು.

“ವಾಸ್ನೆ ಬತ್ತದೇನ್ಲಾ?”

“ಇಲ್ಲ ಮಾವ.”

“ಸದ್ಯ!”

ಅಷ್ಟಾದ ಮೇಲೆಯೇ ಮಾವನ ಗಂಟಲಲ್ಲಿ ಕಾಫಿ ಇಳಿಯುತ್ತಿದ್ದುದು. ಚಿಂತೆಗಾರನ ಮೂಗಿಗೆ ಇಲ್ಲದ ವಾಸನೆಯೂ ಬರುತ್ತದೆ. ಒಮ್ಮೆ ನಾನು “ಏನೋ ಬಂದಹಾಗಿದೆ” ಎಂದುಬಿಟ್ಟೆ. ಮಾವ ಚಪ್ಪಡಿಯನ್ನೆಲ್ಲ ತೊಳೆದು, ಬೇವಿನ ಹೊಗೆ ಹಾಕಿ, ಕೆಮ್ಮಿ ಕೆಮ್ಮಿ ಸುಸ್ತಾದ ಮೇಲೆ ಗೊತ್ತಾಯಿತು, ಬಂದದ್ದು ನನ್ನದೇ ಕಾಲುಚೀಲದ ವಾಸನೆ!

ಹೀಗಿರುತ್ತ ಮಾವ ಒಂದು ಗುಟ್ಟು ಕಂಡುಹಿಡಿದ. ಮೊಲ ಕಂಡಕಂಡಲ್ಲಿ ಹೊಲಸು ಮಾಡುವುದಿಲ್ಲ, ತಾನೇ ಒಂದು ಮೂಲೆ ಆರಿಸಿಕೊಳ್ಳುತ್ತದೆ. ಆ ಮೂಲೆಯನ್ನು ಗುಡಿಸುವಾಗ ಹಳೆಯ ಹಿಕ್ಕೆ, ಸಿಪ್ಪೆ ಒಂದು ಹಿಡಿ ಅಲ್ಲೇ ಬಿಟ್ಟರೆ ಮರುದಿನವೂ ಅಲ್ಲಿಗೇ ಹೋಗುತ್ತದೆ. ಉಳಿದ ಹಿತ್ತಲೆಲ್ಲ ಕನ್ನಡಿ!

“ಅಷ್ಟೆಲ್ಲ ಗುಡಿಸಿ ಇದೊಂದು ಹಿಡಿ ಯಾಕ್ ಬುಟ್ಟಿದ್ದೀರಿ? ಪ್ರಸಾದವಾ?” ಅತ್ತೆ ಕೇಳಿದಳು.

“ಒಂದ್ ಹಿಡಿ ಬುಡ್ಬೇಕು ಕಣೇ. ಪೂರಾ ತೊಳೆದ್ಬುಟ್ರೆ ಅವಕ್ಕೆ ಜಾಗ ಹೆಂಗೆ ಗೊತ್ತಾಗ್ತದೆ?”

ಅತ್ತೆಗೆ ಈ ಮಾತು ಹಿಡಿಸಲಿಲ್ಲ. ಮಾವ ಮಿಲ್ಲಿನ ಕೆಲಸದ ಮೇಲೆ ಪಾವಗಡಕ್ಕೆ ಹೋದಾಗ ತೋವಿನಕೆರೆಯಿಂದ ಅವಳ ಅಕ್ಕ ಬರುವ ಸುದ್ದಿ ಬಂತು. ಅಕ್ಕನ ಕಣ್ಣಿಗೆ ಆ ಒಂದು ಹಿಡಿ ಬಿದ್ದರೆ ಮಾನ ಉಳಿದೀತೆ? ನಾನು ಕಚೇರಿಯಲ್ಲಿದ್ದಾಗ ಅತ್ತೆ ಸೆರಗು ಬಿಗಿದು ಮೂಲೆಯನ್ನು ಕೆರೆದು, ಕುದಿಯುವ ನೀರು ಹೊಯ್ದು, ಸುಣ್ಣ ಬಳಿದು, ಮೇಲೊಂದು ರಂಗೋಲಿಯನ್ನೂ ಎಳೆದಳು. ನೀವೇ ಹೇಳಿ, ರಂಗೋಲಿಯ ಮೇಲೆ ಹೋಗಲು ಯಾವ ಮರ್ಯಾದಸ್ಥ ಮೊಲಕ್ಕೆ ಮನಸ್ಸು ಬಂದೀತು? ಜಾಗ ಕಳೆದುಕೊಂಡ ಮೊಲಗಳು ಇಡೀ ಹಿತ್ತಲನ್ನೇ ಮೂಲೆ ಮಾಡಿಕೊಂಡವು. ಚಪ್ಪಡಿಯ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಾವಿಕಟ್ಟೆಯ ಸುತ್ತ.

ಮಾರನೆಯ ದಿನ ಅಕ್ಕ ಬಂದು ಹಿತ್ತಲಿಗೆ ಇಣುಕಿದಳು. “ಏನೇ, ಇಷ್ಟೊಂದು ಮೆಣಸು ಒಣಗಾಕಿದ್ದೀಯಾ! ನಂಗೂ ಒಂದ್ ಪಾವು ಕಟ್ಟಿಕೊಡು.”

ಅತ್ತೆಯ ಮುಖ ನೋಡಬೇಕಿತ್ತು! ಬಿಸಿಲೇರಿದಂತೆ ಗಾಳಿಯೂ ತಿರುಗಿತು. ವಾಸನೆ ಅಡಿಗೆಮನೆಯ ಹೊಸ್ತಿಲು ದಾಟಿತು. ದಾಟಿತು ಎಂದರೆ ಕಡಮೆಯಾಯಿತು, ಬಂದು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿತು! ಅಕ್ಕ ಮೂಗು ಮುಚ್ಚಿಕೊಂಡು ಸಂಜೆಯ ಬಸ್ಸಿಗೇ ಹೊರಟಳು.

ಅವಳು ಇಳಿದ ಮೆಟ್ಟಿಲನ್ನೇ ಮಾವ ಹತ್ತಿ ಬಂದ. ಹಿತ್ತಲು ನೋಡಿದ. ರಂಗೋಲಿಯ ಮೂಲೆ ನೋಡಿದ. ನನ್ನ ಕಡೆ ತಿರುಗಿ ಮೆತ್ತಗೆ, “ವಾಸ್ನೆ ಬತ್ತದೇನ್ಲಾ?” ಎಂದ.

ಸುಳ್ಳು ಹೇಳೋಣವೆಂದರೆ ನಾನು ಕರವಸ್ತ್ರದಿಂದ ಮೂಗು ಕಟ್ಟಿಕೊಂಡು ನಿಂತಿದ್ದೆ!

ಮಾವ ಅಟ್ಟದಿಂದ ಸಾಹೇಬರ ಬಿದಿರು ಬುಟ್ಟಿಯನ್ನು ಇಳಿಸಿದ. ಧೂಳು ಒರೆಸಿದ. ಕಾಡಿಗೆ ಕಳಿಸುವ ಬುಟ್ಟಿಯೂ ಚೊಕ್ಕಟವಾಗಿರಬೇಕಲ್ಲ. ಮೊಲಗಳು ಎಂದಿನಂತೆ ಸಾಲಾಗಿ ಬಂದು ಅವನ ಕಾಲು ಸುತ್ತಿದವು. ಒಂದನ್ನು ಎತ್ತಿಕೊಂಡ. ಬುಟ್ಟಿಗೆ ಹಾಕಲಿಲ್ಲ, ಸುಮ್ಮನೆ ಹಿಡಿದುಕೊಂಡು ನಿಂತ.

“ಆ ಹಿಡಿ ಎಲ್ಲಿಗೆ ಹಾಕ್ಬೇಕು?” ಅತ್ತೆಯ ದನಿ. ನೋಡುತ್ತೇವೆ, ಮೊರ ಹಿಡಿದು ನಿಂತಿದ್ದಾಳೆ. ಮೊರದ ತುಂಬ ಅಕ್ಕ ಕೇಳಿದ ‘ಮೆಣಸು’.

“ವಾಸ್ನೆ ಬಂತಲ್ಲೇ? ನೀನೇ ಹೇಳಿದ್ದೆ...”

“ನಂಗೇನ್ ಬಂದಿಲ್ಲ. ನೆಗಡಿ” ಎಂದು ಅತ್ತೆ ಒಂದೇ ಒಂದು ಸಲವೂ ಸೀನದೆ, ರಂಗೋಲಿಯನ್ನು ಕಾಲಿನಿಂದ ಅಳಿಸಿ, ಮೂಲೆಗೆ ಮೊರ ಸುರಿದಳು. “ಒಂದ್ ಹಿಡಿ ಅಂದ್ರಲ್ಲ, ಒಂದ್ ಮೊರ ಹಾಕಿದ್ದೀನಿ. ಈಗಾದ್ರೂ ಜಾಗ ಗುರ್ತಾಗ್ಲಿ ನಿಮ್ಮ ಸಂಸಾರಕ್ಕೆ!”

ಗುರುತಾಯಿತು. ಬುಟ್ಟಿ ಅಟ್ಟಕ್ಕೆ ಮರಳಿತು. ಅತ್ತೆಯ ನೆಗಡಿ ಮಾತ್ರ ಆಮೇಲೆ ಬಹಳ ವರ್ಷ ಬೇಕಾದಾಗಲೆಲ್ಲ ಬರುತ್ತಿತ್ತು.

ನನಗೆ ವರ್ಗವಾಯಿತು, ತಲೆ ನರೆಯಿತು, ಚಿಂತೆಗಳಿಗೂ ವಯಸ್ಸಾಯಿತು. ಮಾವ ಹೋದ ಮೇಲಿನ ಮೊದಲ ಯುಗಾದಿಗೆ ಮಧುಗಿರಿಗೆ ಹೋದೆ. ಹಿತ್ತಲಲ್ಲಿ ಅವೇ ಮೊಲಗಳ ಮೊಮ್ಮಕ್ಕಳು, ಅದೇ ಕಡಲೆಕಾಯಿ ಸಿಪ್ಪೆ. ಮೂಲೆಯಲ್ಲಿ ಲೆಕ್ಕಕ್ಕೆ ಸರಿಯಾಗಿ ಒಂದು ಹಿಡಿ. ಮನೆಗೆಲ್ಲ ಹೊಸ ಸುಣ್ಣ, ಕಣ್ಣು ಕೋರೈಸುವ ಬಿಳುಪು. ಹಿತ್ತಲ ಬಾಗಿಲ ಪಕ್ಕದಲ್ಲಿ ಮಾತ್ರ ಎರಡು ಬೆರಳಗಲದ ಕಂದು ಪಟ್ಟೆ. ಸುಣ್ಣದ ಕುಂಚ ಅದರ ಸುತ್ತ ಹುಷಾರಾಗಿ ಬಳಸಿ ಹೋಗಿತ್ತು.

“ಅತ್ತೆ, ಇದೊಂದು ಬಿಟ್ಟುಹೋಗಿದೆ” ಎಂದೆ.

ಒಲೆಯ ಮುಂದಿದ್ದವಳು ತಿರುಗಲಿಲ್ಲ. “ಇರ್ಲಿ ಬುಡು. ಪೂರಾ ಬಳಿದ್ಬುಟ್ರೆ ಜಾಗ ಹೆಂಗೆ ಗೊತ್ತಾಗ್ತದೆ?”

ನಾನು ಗೋಡೆಯ ಹತ್ತಿರ ಹೋಗಿ ಬಗ್ಗಿ, ಹಳೆಯ ಚಾಕರಿಯ ಮೂಗನ್ನು ಅದಕ್ಕೆ ತಾಗಿಸಿದೆ. ಒಳಗಿನಿಂದ ಅತ್ತೆ ಕೇಳಿದಳು.

“ವಾಸ್ನೆ ಬತ್ತದೇನೋ?”

“ಬತ್ತದೆ ಅತ್ತೆ.”

“ಸದ್ಯ” ಎಂದಳು.