ಕಾಕಾ ಕೊಯ್ಯಿಸಿದ ಜೀಪು

ನಮ್ಮ ಕಾಕಾ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದಾರೆ ಅಂತ ಜನ ಹೇಳುತ್ತಾರೆ. ಪೂರ್ತಿ ನಿಜವಲ್ಲ! ಕೊಂಡದ್ದು ಇಡೀ ಜೀಪು. ಈಗ ಉಳಿದಿರುವುದು ಮುಕ್ಕಾಲು. ಮಿಕ್ಕದ್ದನ್ನು ಅವರೇ ಎದುರಿಗೆ ನಿಂತು ಕೊಯ್ಯಿಸಿದ್ದಾರೆ.

ಹಾವೇರಿ ಕೋರ್ಟಿನಲ್ಲಿ ವಕೀಲರು. ಸೈಕಲ್ಲಿನ ಚೈನು ಬಿದ್ದರೂ ಹಾಕಲು ಬಾರದ ಮನುಷ್ಯ. ಹೋದ ವರ್ಷ ಇದ್ದಕ್ಕಿದ್ದಂತೆ ಜೀಪು ತಂದು, ಟ್ರ್ಯಾಕ್ಟರಿಗೆ ತಮ್ಮನಾಗುವಂಥ ಟೈರು ಹಾಕಿಸಿದರು. ನೆಟ್ಟಗೆ ಹೋದರೆ ತೊಂದರೆಯಿಲ್ಲ. ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರ್ ಅನ್ನುತ್ತಿತ್ತು. ತಿರುವೇ ಇಲ್ಲದ ರಸ್ತೆಯನ್ನು ಇವರಿಗಾಗಿ ಯಾರು ಹಾಕಿಸಿಕೊಟ್ಟಾರು?

ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಮಡ್‌ಗಾರ್ಡಿನ ಅಂಚು ಕೊಯ್ಯಿಸಿದರು. ಆಗ ಬಂಪರಿನ ಮೂಲೆ ತಾಗಿತು. ಅದೂ ಹೋಯಿತು. ತಗ್ಗಿಗಿಳಿದರೆ ಒಳಗಿನ ತಗಡು ತಾಗಿತು. ಮತ್ತೆ ಗ್ಯಾರೇಜು!

"ವಕೀಲ್ರ, ಹಿಂಗ ಕೊಯ್ಕೋತ ಹೋದ್ರ ಸ್ಟೇರಿಂಗ್ ಒಂದ ಉಳೀತೈತ್ರಿ" ಎಂದ ಮೇಸ್ತ್ರಿ.

"ಉಳೀಲಿ ಬಿಡೋ. ಅದನ್ನ ಹಿಡ್ಕೊಂಡ ಹೋಗ್ತೇನಿ."

ಮಡ್‌ಗಾರ್ಡು ಸಣ್ಣದಾದ ಮೇಲೆ ರಸ್ತೆಯ ಕೆಸರೆಲ್ಲ ಮೇಲೆ ಹಾರತೊಡಗಿತು. ಬ್ಯಾಡಗಿಯ ಮದುವೆಗೆ ನಮ್ಮನ್ನೆಲ್ಲ ಕರೆದೊಯ್ದರು. ನಮ್ಮ ಮುಖ ನೋಡಿ ಬೀಗರು ಊಟಕ್ಕಿಂತ ಮೊದಲು ಸ್ನಾನಕ್ಕೆ ನೀರು ಕೊಟ್ಟರು! ಕದರಮಂಡಲಗಿಯ ಆಂಜನೇಯನ ಮುಂದೆ ಪೂಜೆ ಮಾಡಿಸಿ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟರೆ, ಅದು ಒಡೆಯಲೇ ಇಲ್ಲ. ಟೈರಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಹಾವೇರಿತನಕ ನಮ್ಮ ಜೊತೆಗೇ ಬಂತು.

ಎಲ್ಲರೂ ನಗುತ್ತಿದ್ದೆವು. ಆದರೆ ಯಾಕೆ ಇದೆಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ. ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು.

ಜೀಪು ಕೊಳ್ಳುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಕಾಕಾ, ಅವರ ಹೆಂಡತಿ ನಮ್ಮ ಕಾಕು ಇಬ್ಬರೂ ಐರಣಿ ಹತ್ತಿರದ ಹೊಲಕ್ಕೆ ಹೋಗಿದ್ದರು. ಅಲ್ಲಿ ಕಾಕುಗೆ ಎದೆನೋವು ಬಂತು. ಆಸ್ಪತ್ರೆಗೆಂದು ಹೊರಟ ಕಾರು ಎರೆಮಣ್ಣಿನ ದಾರಿಯಲ್ಲಿ ಹೂತುಕೊಂಡಿತು. ದೂರದ ಹೊಲದಿಂದ ಟ್ರ್ಯಾಕ್ಟರು ಬರುವಷ್ಟರಲ್ಲಿ ಕಾಕು ಹಿಂದಿನ ಸೀಟಿನಲ್ಲಿ, ಕಾಕಾನ ತೊಡೆಯ ಮೇಲೆ ತಲೆಯಿಟ್ಟು ಉಸಿರು ನಿಲ್ಲಿಸಿದ್ದರು.

ಈ ಮಳೆಗಾಲದಲ್ಲಿ ಕಾಕಾ ನನ್ನೊಬ್ಬನನ್ನೇ ಕೂಡಿಸಿಕೊಂಡು ಅದೇ ದಾರಿ ಹಿಡಿದರು. ಅದೇ ಕೆಸರು. ಜೀಪು ಎಲ್ಲಿಯೂ ತಾಗದೆ, ಜಾರದೆ ಒಂದೇ ಸಲಕ್ಕೆ ದಾಟಿಬಿಟ್ಟಿತು.

"ಕಾಕಾ, ದಾಟಿತಲ್ರಿ!" ಎಂದು ಕೂಗಿದೆ.

ಅವರು ಇಂಜಿನ್ ಆರಿಸಿದರು. "ದಾಟಿತು. ಈಗ ಯಾರನ್ನ ಕರ್ಕೊಂಡ ಹೋಗ್ಲಿ?"

ಅಷ್ಟರಲ್ಲಿ ಮಳೆಯಲ್ಲಿ ಗೊಬ್ಬರದ ಚೀಲ ತಲೆಗೆ ಹೊದ್ದು ಮುದುಕಿಯೊಬ್ಬಳು ನಡೆದು ಬಂದಳು.

"ಎಲ್ಲಿಗೆ ಹೊಂಟೀಯವ್ವಾ?"

"ರಾಣೆಬೆನ್ನೂರಿಗಪ್ಪ. ಬಸ್ ಹಿಡೀಬೇಕು."

"ಹತ್ತು."

ಹತ್ತುವುದೆಲ್ಲಿ? ಸೀಟು ಅವಳ ಎದೆಯ ಎತ್ತರಕ್ಕಿತ್ತು. ಕಾಕಾ ಕೆಳಗಿಳಿದು ಕೆಸರಿನಲ್ಲಿ ಒಂದು ಮೊಣಕಾಲೂರಿ ಕುಳಿತರು.

"ನನ್ನ ತೊಡಿ ಮ್ಯಾಲ ಕಾಲ ಇಡವ್ವಾ."

"ಅಯ್ಯ, ಕಾಲೆಲ್ಲಾ ರಾಡಿ ಆಗ್ಯಾವೋ ತಮ್ಮಾ. ನಿನ್ನ ಅರಿವಿ ಹೊಲಸಾಗ್ತಾವು."

"ಆಗ್ಲಿ, ಇಡು."

ಅವರ ಹೆಗಲು ಹಿಡಿದು ಮುದುಕಿ ಮುಂದಿನ ಸೀಟಿಗೆ ಹತ್ತಿದಳು. ನಾನು ಹಿಂದೆ ಹೋದೆ. ಕಾಕಾ ಒಂದೊಂದು ತಗ್ಗಿಗೂ ವೇಗ ತಗ್ಗಿಸುತ್ತ, ಜೀಪು ಕುಲುಕದಂತೆ ಓಡಿಸಿದರು.

ರಾಣೆಬೆನ್ನೂರು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಜೀಪು ನಿಂತಿತು. ಕಾಕಾ ಅವಳನ್ನು ಎಬ್ಬಿಸಲಿಲ್ಲ. ಅವಳ ಉಸಿರು ಏರಿಳಿಯುವುದನ್ನೇ ನೋಡುತ್ತ, ತಾನಾಗಿ ಕಣ್ಣು ಬಿಡಲೆಂದು ಕಾದು ಕುಳಿತರು.